ಒಂದು ಅಂಗುಲದ ಮನುಷ್ಯ

ದೊಡ್ಡದನ್ನು ಚಿಕ್ಕದು ಮಾಡಿ ಕಣ್ಣೆದುರು ಇಟ್ಟುಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆ ಹುಟ್ಟಿದ್ದಲ್ಲ. ಬ್ರಹ್ಮಾಂಡವನ್ನೆಲ್ಲ ತುಂಬಿದವನನ್ನು ನಾವು ಅಂಗೈಯಲ್ಲಿ ಹಿಡಿಯುವ ಸಾಲಿಗ್ರಾಮದಲ್ಲಿ ಕಾಣುತ್ತೇವೆ. ನವರಾತ್ರಿ ಬಂತೆಂದರೆ ಮೆಟ್ಟಿಲು ಕಟ್ಟಿ, ಬಿಳಿಯ ಪಂಚೆ ಹಾಸಿ, ಪಟ್ಟದ ಗೊಂಬೆಗಳನ್ನು ಕೂರಿಸಿ, ಅವುಗಳ ಬುಡದಲ್ಲಿ ಒಂದು ಪುಟ್ಟ ಲೋಕವನ್ನೇ ಹೂಡುತ್ತೇವೆ. ತಟ್ಟೆಯಲ್ಲಿ ರಾಗಿ ಚೆಲ್ಲಿ ಬೆಳೆಸಿದ ಪೈರು ಹೊಲವಾಗುತ್ತದೆ, ಹಳೆಯ ಕನ್ನಡಿ ಕೆರೆಯಾಗುತ್ತದೆ, ಚನ್ನಪಟ್ಟಣದ ಗೊಂಬೆಗಳು ಮದುವೆಮನೆಯ ಬೀಗರಾಗುತ್ತವೆ. ಸಿಕಂದರಾಬಾದಿಗೆ ಬಂದು ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಇವುಗಳ ಜೊತೆಗೆ ಕೊಂಡಪಲ್ಲಿಯ ತಾಳೆಮರವೂ ಅಂಬಾರಿಯ ಆನೆಯೂ ಸೇರಿಕೊಂಡಿವೆ. ತೆಲುಗರ ಬೊಮ್ಮಲ ಕೊಲುವು, ತಮಿಳರ ಕೊಲು, ನಮ್ಮ ಗೊಂಬೆ ಹಬ್ಬ. ಹೆಸರು ಮೂರಾದರೂ ಆಸೆ ಒಂದೇ. ಇಂಥ ದೃಶ್ಯಕ್ಕೆ ಈಗಿನ ಹುಡುಗರು ಡಯೋರಾಮಾ ಎನ್ನುತ್ತಾರೆ. ನಮ್ಮ ಅಜ್ಜಿಯರು ಹೆಸರಿನ ಗೊಡವೆಯಿಲ್ಲದೆ ಅದನ್ನೇ ಮಾಡುತ್ತಿದ್ದರು.

ಈಗ ಆ ಪುಟ್ಟ ಲೋಕಕ್ಕೆ ಹೊಸ ಅತಿಥಿಯೊಂದು ಬಂದಿದೆ. ಅದು ಯುದ್ಧವಿಮಾನ. ಈ ಊರಿನಲ್ಲಿ ಅದು ಬರದಿದ್ದರೇ ಆಶ್ಚರ್ಯ. ಹಕೀಂಪೇಟೆ, ಬೇಗಂಪೇಟೆ, ದುಂಡಿಗಲ್, ಮೂರು ದಿಕ್ಕಿಗೆ ವಾಯುಪಡೆಯ ಮೂರು ನೆಲೆಗಳು. ಅಲ್ವಾಲ, ಬೊಲಾರಂ, ಬೋಯಿನಪಲ್ಲಿಗಳ ಮಕ್ಕಳು ತರಬೇತಿ ವಿಮಾನಗಳ ಸದ್ದಿನ ಕೆಳಗೇ ಬೆಳೆಯುತ್ತಾರೆ. ಎನ್‌ಸಿಸಿಯ ವೈಮಾನಿಕ ದಳಕ್ಕೆ ಸೇರಿದವರು ವಿಮಾನದ ಮಾದರಿ ಕಟ್ಟುವುದನ್ನು ಪಾಠವಾಗಿಯೇ ಕಲಿಯುತ್ತಾರೆ. ಕಲಿತದ್ದನ್ನು ಮನೆಗೆ ತಂದು ಗೊಂಬೆಯ ಸಾಲಿನಲ್ಲಿ ಇಡುತ್ತಾರೆ. ಆಗ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಕೊಲ್ಲುವುದಕ್ಕೆಂದೇ ಮಾಡಿದ ಯಂತ್ರವನ್ನು ಅಂದವಾಗಿ ಕೆತ್ತಿ, ಬಣ್ಣ ಬಳಿದು, ದೇವರ ಗೊಂಬೆಗಳ ಪಕ್ಕದಲ್ಲಿ ಇಡುವುದು ಸರಿಯೆ? ಪ್ರಶ್ನೆ ಚಿಕ್ಕದಾಗಿ ಕಂಡರೂ ಚಿಕ್ಕದಲ್ಲ. ಅದನ್ನು ಕುರಿತು ನಾವೆಲ್ಲ ಕೂತು ಸ್ವಲ್ಪ ಯೋಚಿಸಬಹುದೆಂದು ಈ ಬರಹ.

ಮೊದಲು ಕೆಲಸ ಎಂಥದೆಂಬುದನ್ನು ನೋಡೋಣ. ನಮ್ಮ ಮನೆಯಲ್ಲಿ ತಯಾರಾದದ್ದು ‘ಮರುತ್’ ವಿಮಾನದ ಮಾದರಿ. ಕನ್ನಡಿಗರಿಗೆ ಮರುತ್ ಹೊರಗಿನದಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ರೂಪುಗೊಂಡು 1961ರ ಜೂನ್ 17ರಂದು ಮೊದಲು ಹಾರಿದ, ನಮ್ಮ ದೇಶದಲ್ಲೇ ಹುಟ್ಟಿದ ಮೊದಲ ಜೆಟ್ ಯುದ್ಧವಿಮಾನ ಅದು. ವೇದದ ಬಿರುಗಾಳಿ ದೇವತೆಗಳ ಹೆಸರು ಅದಕ್ಕೆ. ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ನಿಂತಿದೆ. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳು ನೋಡಿರುತ್ತಾರೆ. ಅಂಗಡಿಯ ಪೆಟ್ಟಿಗೆಗಳಲ್ಲಿ ಸಿಗುವ ಪ್ಲಾಸ್ಟಿಕ್ ಮಾದರಿಗಳಲ್ಲಿ ವಿದೇಶದ ವಿಮಾನಗಳೇ ಹೆಚ್ಚು. ಆದ್ದರಿಂದ ನಮ್ಮ ಮಗ ನಕ್ಷೆ ಹಿಡಿದು ಬಾಲ್ಸಾ ಮರದಲ್ಲೇ ಕೆತ್ತಲು ಕೂತ.

ಬಾಲ್ಸಾ ಬೆಣ್ಣೆಯಂಥ ಮರ. ಉಗುರು ತಾಕಿದರೆ ಗುರುತು ಬೀಳುತ್ತದೆ. ಮರುತ್‌ನ ಮೈ ನೇರವಾದ ಕೊಳವೆಯಲ್ಲ. ಗಾಳಿಯ ತಡೆ ಕಡಿಮೆಯಾಗಲೆಂದು ರೆಕ್ಕೆ ಕೂಡುವ ಕಡೆ ನಡು ಸಣ್ಣಗಾಗಿದೆ. ಆ ನಡುವನ್ನು ತೆಗೆಯುವುದಕ್ಕೇ ಎರಡು ಭಾನುವಾರ ಹಿಡಿಯಿತು. ಮೂರು ಗಾಲಿಯ ಮೇಲೆ ನಿಲ್ಲುವ ವಿಮಾನವಾದ್ದರಿಂದ ಹಿಂಭಾರವಾಗಿ ಬಾಲದ ಮೇಲೆ ಕೂರದಂತೆ ಮೂಗನ್ನು ಟೊಳ್ಳು ಮಾಡಿ ಸೀಸದ ಗುಂಡು ಕೂರಿಸಬೇಕು. ಮರದ ರಂಧ್ರಗಳು ಮುಚ್ಚುವಂತೆ ವಾರ್ನಿಷಿನಲ್ಲಿ ಟಾಲ್ಕಂ ಪೌಡರ್ ಕಲಸಿ ಬಳಿಯಬೇಕು, ಒಣಗಿದ ಮೇಲೆ ಉಜ್ಜಬೇಕು, ಮತ್ತೆ ಬಳಿಯಬೇಕು. ಮಳೆಗಾಲದ ತೇವದಲ್ಲಿ ಒಂದೊಂದು ಲೇಪವೂ ಒಣಗಲು ತನ್ನ ಹೊತ್ತು ತೆಗೆದುಕೊಳ್ಳುತ್ತದೆ. ಅವಸರದವರಿಗೆ ಈ ಕೆಲಸ ಒಗ್ಗುವುದಿಲ್ಲ.

ಅಳತೆ 72ಕ್ಕೆ 1. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಹಲವರು ಕೇಳುತ್ತಾರೆ. ಆರು ಅಡಿಗೆ ಒಂದು ಅಂಗುಲ, ಅಷ್ಟೆ. ಆರು ಅಡಿಯ ಆಳು ಈ ಲೋಕದಲ್ಲಿ ಒಂದು ಅಂಗುಲದವನಾಗುತ್ತಾನೆ. ಸುಮಾರು 16 ಮೀಟರ್ ಉದ್ದದ ಮರುತ್ 22 ಸೆಂಟಿಮೀಟರ್ ಆಗುತ್ತದೆ, 9 ಮೀಟರಿನ ರೆಕ್ಕೆ ಹನ್ನೆರಡೂವರೆ ಸೆಂಟಿಮೀಟರ್ ಆಗುತ್ತದೆ. ಉದ್ದ 72 ಪಟ್ಟು ಕುಗ್ಗಿದರೆ ಗಾತ್ರ 72ರ ಘನದಷ್ಟು, ಎಂದರೆ 3,73,248 ಪಟ್ಟು ಕುಗ್ಗುತ್ತದೆ. ಸುಮಾರು 6,200 ಕಿಲೋ ತೂಗುವ ಬರಿಯ ವಿಮಾನ ಅದೇ ಲೆಕ್ಕದಲ್ಲಿ 17 ಗ್ರಾಮಿಗೆ ಇಳಿಯುತ್ತದೆ. ಮೂಗಿನಲ್ಲಿ ನಾಲ್ಕು ಫಿರಂಗಿಗಳಿವೆ, ಒಂದೊಂದರ ಬಾಯಿ 30 ಮಿಲಿಮೀಟರ್. ಅದು ಮಾದರಿಯಲ್ಲಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಹೊಲಿಗೆ ಸೂಜಿಯ ಮೊನೆ ಚುಚ್ಚಿದರೆ ಆಯಿತು. ಟ್ಯಾಂಕನ್ನೂ ಲಾರಿಯನ್ನೂ ಸೀಳುವಂಥದ್ದು ಸೂಜಿಮೊನೆಯ ಚುಕ್ಕೆಯಾಗಿ ನಿಲ್ಲುತ್ತದೆ. ಚಿಕ್ಕದಾದದ್ದೆಲ್ಲ ಮುದ್ದಾಗಿ ಕಾಣುತ್ತದೆ ಎಂಬಲ್ಲೇ ನಮ್ಮ ಪ್ರಶ್ನೆಯ ಬೇರು ಇದೆ. ಗಾತ್ರ ಕುಗ್ಗಿತು, ಸರಿ. ಅದರೊಡನೆ ಅರ್ಥವೂ ಕುಗ್ಗಬೇಕೆ?

ಬಣ್ಣದ ಕೆಲಸ ಇನ್ನೂ ಸೂಕ್ಷ್ಮ. ಡಬ್ಬಿಯಲ್ಲಿರುವ ಬಣ್ಣವನ್ನು ಹಾಗೆಯೇ ಬಳಿದರೆ ಚಿಕ್ಕ ಮೈಗೆ ಅದು ತೀರ ಗಾಢವಾಗಿ ಕಾಣುತ್ತದೆ. ದೂರದ ಬೆಟ್ಟ ಗಾಳಿಯ ಮಬ್ಬಿನಿಂದ ತಿಳಿಯಾಗಿ ತೋರುವ ಹಾಗೆ, ಇಲ್ಲಿಯೂ ಚೂರು ಬಿಳಿ ಬೆರೆಸಿ ಬಣ್ಣವನ್ನು ತಗ್ಗಿಸಬೇಕು. ಬೆನ್ನ ಮೇಲೆ ಹಸಿರು ಮತ್ತು ಮಣ್ಣಿನ ಬಣ್ಣದ ದೊಡ್ಡ ಮಚ್ಚೆಗಳು, ಹೊಟ್ಟೆಗೆ ತಿಳಿ ಬೂದು. ಮೇಲಿನಿಂದ ನೋಡಿದವನಿಗೆ ನೆಲದಂತೆ, ಕೆಳಗಿನಿಂದ ನೋಡಿದವನಿಗೆ ಆಕಾಶದಂತೆ ಕಾಣಿಸಿ ಕಣ್ಣು ತಪ್ಪಿಸುವ ಉಪಾಯ ಅದು. ಅದರ ಮೇಲೆಯೇ ಕೈವಾರ ಹಿಡಿದು ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು, ಹೀಗೆ ವೃತ್ತಗಳನ್ನು ಬರೆಯಬೇಕು. ಇದು ಎಲ್ಲರ ಕಣ್ಣಿಗೂ ಬೀಳಲೆಂದೇ ಇರುವ ಗುರುತು. ಒಂದೇ ಮೈಯ ಮೇಲೆ ಅಡಗಿಕೊಳ್ಳುವ ಬಣ್ಣ, ಇಂಥವನೆಂದು ಸಾರುವ ಬಣ್ಣ ಎರಡೂ ಇವೆ. ಶತ್ರುವಿಗೆ ಕಾಣಬಾರದು, ತನ್ನವರಿಗೆ ತಿಳಿಯದೆ ಇರಬಾರದು. ಯುದ್ಧದ ಇಕ್ಕಟ್ಟೆಲ್ಲ ಈ ಎರಡು ಬಣ್ಣಗಳಲ್ಲಿ ಇದೆ.

ಇನ್ನು ಆಕ್ಷೇಪಕ್ಕೆ ಬರೋಣ. ಹಿರಿಯರ ಮಾತು ಇದು: ಮಕ್ಕಳ ಕೈಗೆ ಕೊಲೆಯ ಆಯುಧವನ್ನು ಆಟಿಕೆಯಾಗಿ ಕೊಟ್ಟರೆ ಕೊಲೆಯೇ ಆಟವಾಗುತ್ತದೆ. ಕಿರಿಯರು ಸುಮ್ಮನಿರುವುದಿಲ್ಲ. ಚಾಮುಂಡಿಯ ಕೈಯಲ್ಲಿ ತ್ರಿಶೂಲವಿಲ್ಲವೆ, ರಾಮನ ಹೆಗಲಲ್ಲಿ ಬಿಲ್ಲಿಲ್ಲವೆ, ಒಂಬತ್ತನೆಯ ದಿನ ಆಯುಧ ಪೂಜೆ ಮಾಡುವವರೂ ನೀವೇ ಅಲ್ಲವೆ ಎನ್ನುತ್ತಾರೆ. ಎರಡು ಮಾತಿನಲ್ಲೂ ಹುರುಳಿದೆ, ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಆಯುಧ ಪೂಜೆಯ ದಿನ ನಾವು ನಿಜವಾಗಿ ಮಾಡುವುದೇನು? ಲಾಲಾಗುಡದ ರೈಲ್ವೆ ಕಾರ್ಯಾಗಾರದಲ್ಲಿ ಯಂತ್ರಗಳಿಗೆ ಕುಂಕುಮ ಹಚ್ಚುತ್ತಾರೆ. ನಮ್ಮಂಥ ಗುಮಾಸ್ತರು ಹಿಂದೆ ಬೆರಳಚ್ಚು ಯಂತ್ರಕ್ಕೆ ಹೂವಿಡುತ್ತಿದ್ದರು, ಈಗ ಕಂಪ್ಯೂಟರಿಗೆ ಇಡುತ್ತೇವೆ. ಆದರೆ ಆ ದಿನ ಯಾವ ಹತಾರವನ್ನೂ ಬಳಸುವುದಿಲ್ಲ. ಪೂಜೆ ಎಂದರೆ ಕೈಯಲ್ಲಿದ್ದದ್ದನ್ನು ಕೆಳಗಿಡುವುದು, ಇಟ್ಟು ಒಂದು ದಿನವಾದರೂ ಅದರ ಮುಖ ನೋಡುವುದು. ಮರುದಿನ ನಾವು ಬನ್ನಿ ಹಂಚುತ್ತೇವೆ, ಇಲ್ಲಿಯವರು ಜಮ್ಮಿ ಹಂಚುತ್ತಾರೆ. ಪಾಂಡವರು ವರ್ಷವಿಡೀ ಆಯುಧಗಳನ್ನು ಮುಚ್ಚಿಟ್ಟ ಮರ ಅದು. ಆಯುಧ ಹಿಡಿದದ್ದನ್ನಷ್ಟೇ ಅಲ್ಲ, ಹಿಡಿಯದೆ ಕಾದದ್ದನ್ನೂ ನೆನೆಯುವ ಹಬ್ಬ ನಮ್ಮದು. ಆದ್ದರಿಂದ ಪೂಜೆಯ ಹೆಸರು ಹೇಳಿ ಆಯುಧವನ್ನು ಮೆರೆಸುವುದಕ್ಕೆ ಅಲ್ಲಿ ಸಮರ್ಥನೆ ಸಿಗಲಾರದು.

ಹಿರಿಯರ ಆಕ್ಷೇಪವೂ ಪೂರ್ತಿ ಒಪ್ಪತಕ್ಕದ್ದಲ್ಲ. ಆಟಿಕೆಯ ಬಂದೂಕು ಬೇರೆ, ಮಾದರಿ ಬೇರೆ. ಬಂದೂಕನ್ನು ಕೊಂಡ ಕ್ಷಣವೇ ಯಾರತ್ತಲೋ ಗುರಿಯಿಟ್ಟು ‘ಢಂ’ ಎನ್ನಬಹುದು. ಮಾದರಿಯ ಮುಂದೆ ಮೂರು ತಿಂಗಳು ತಲೆ ತಗ್ಗಿಸಿ ಕೂರಬೇಕು. ಅದು ಯಾವ ವರ್ಷದ್ದು, ಯಾವ ದಳದ್ದು, ಯಾರು ಹಾರಿಸಿದರು, ಎಲ್ಲಿಗೆ ಹೋಯಿತು ಎಂದು ಹುಡುಕಬೇಕು. ಹುಡುಕುತ್ತ ಹೋದರೆ ಮನುಷ್ಯರು ಎದುರಾಗುತ್ತಾರೆ. ಮರುತ್‌ನ ಬೆನ್ನು ಹತ್ತಿದ ಹುಡುಗನಿಗೆ ಅದರ ವಿನ್ಯಾಸದ ನೇತೃತ್ವ ವಹಿಸಿದ ಕುರ್ಟ್ ಟ್ಯಾಂಕ್ ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಜರ್ಮನಿಗೆ ಫೋಕೆವುಲ್ಫ್ 190 ಯುದ್ಧವಿಮಾನವನ್ನು ರೂಪಿಸಿದವರು ಎಂಬುದು ತಿಳಿಯುತ್ತದೆ. ಮರುತ್ತನ್ನು ಮೊದಲು ಹಾರಿಸಿದ ಸುರಂಜನ್ ದಾಸ್ 1970ರ ಜನವರಿ 10ರಂದು ಅದೇ ವಿಮಾನದ ಒಂದು ಹೊಸ ರೂಪವನ್ನು ಪರೀಕ್ಷಿಸುತ್ತ ಬೆಂಗಳೂರಿನಲ್ಲೇ ಮಡಿದರು ಎಂಬುದೂ ತಿಳಿಯುತ್ತದೆ. ಹಳೆ ಮದ್ರಾಸ್ ರಸ್ತೆಯಿಂದ ಕಾರ್ಖಾನೆಯ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆಯಲ್ಲಿ ನಮ್ಮಲ್ಲಿ ಎಷ್ಟೋ ಮಂದಿ ಓಡಾಡಿದ್ದೇವೆ. ಆ ಹೆಸರು ಯಾರದೆಂದು ಕೇಳಿದವರು ಕಡಿಮೆ. ಮಾದರಿ ಮಾಡುವವನು ಕೇಳುತ್ತಾನೆ.

ಈ ಹವ್ಯಾಸದ ಚರಿತ್ರೆಯಲ್ಲೇ ಒಂದು ಪಾಠವಿದೆ. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿಯ ಶಾಲಾ ಹುಡುಗರಿಂದ 5 ಲಕ್ಷ ಮರದ ವಿಮಾನಗಳನ್ನು ಮಾಡಿಸಲು ಹೊರಟಿತು. ಅಳತೆ ಇದೇ, 72ಕ್ಕೆ 1. ಅವು ಅಲಂಕಾರಕ್ಕಲ್ಲ. ಆಕಾಶದಲ್ಲಿ ಕಂಡದ್ದು ತಮ್ಮದೋ ಪರರದೋ ಎಂದು ಸೈನಿಕರು ಕ್ಷಣದಲ್ಲಿ ತಿಳಿಯುವಂತೆ ತರಬೇತಿ ಕೊಡಲು. ಯಾರನ್ನು ಹೊಡೆಯಬೇಕು, ಅದಕ್ಕಿಂತ ಮುಖ್ಯವಾಗಿ ಯಾರನ್ನು ಹೊಡೆಯಬಾರದು ಎಂಬುದನ್ನು ಆ ಪುಟ್ಟ ವಿಮಾನಗಳು ಕಲಿಸುತ್ತಿದ್ದವು. ಮಾದರಿಯ ಕೆಲಸ ಮೂಲದಲ್ಲಿ ಗುರುತು ಹಿಡಿಯುವ ಕೆಲಸ. ಆ ಕೆಲಸವನ್ನು ಯಂತ್ರದ ಬಳಿಯೇ ನಿಲ್ಲಿಸಬೇಕೋ, ಅದರೊಳಗಿನ ಮನುಷ್ಯನವರೆಗೆ ಒಯ್ಯಬೇಕೋ ಎಂಬುದೇ ವಿಚಾರ.

ಕಳೆದ ನವರಾತ್ರಿಯಲ್ಲಿ ಈ ವಿಚಾರ ನಮ್ಮ ನಡುಮನೆಯಲ್ಲೇ ಎದ್ದಿತು. ಹುಡುಗ ಅಗಲವಾದ ಹಲಗೆಯ ಮೇಲೆ ಅಂಟು ಬಳಿದು ಮರಳು ಉದುರಿಸಿ ರಾಜಸ್ಥಾನದ ಮರುಭೂಮಿ ಮಾಡಿದ್ದ. 1971ರ ಡಿಸೆಂಬರಿನ ಯುದ್ಧದಲ್ಲಿ ಮರುತ್‌ಗಳು ಹಾರಿದ್ದು ಅಲ್ಲಿಯೇ. ಹಲಗೆಯ ಒಂದು ತುದಿಯಲ್ಲಿ ವಿಮಾನ, ಇನ್ನೊಂದು ತುದಿಯಲ್ಲಿ ಸುಟ್ಟ ಟ್ಯಾಂಕು, ಅದರ ಮೇಲೆ ಹತ್ತಿಗೆ ಕಪ್ಪು ಬಣ್ಣ ಹಚ್ಚಿದ ಹೊಗೆ. ನೋಡಿದವರೆಲ್ಲ ಭೇಷ್ ಎಂದರು. ಗದಗ ಕಡೆಯ ಹಿರಿಯರೊಬ್ಬರು ಮನೆಯವರೊಂದಿಗೆ ಗೊಂಬೆ ನೋಡಲು ಬಂದರು. ಎಪ್ಪತ್ತೈದರ ಹತ್ತಿರದ ವಯಸ್ಸು. ಆ ಯುದ್ಧದಲ್ಲಿ ರಾಜಸ್ಥಾನದ ಒಂದು ವಾಯುನೆಲೆಯಲ್ಲಿ ವಿಮಾನ ಸಜ್ಜು ಮಾಡುವ ಕೆಲಸದಲ್ಲಿದ್ದವರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, “ಭಾಳ ಚಲೋ ಮಾಡೀದಿ ತಮ್ಮಾ. ಏಣಿ ಎಲ್ಲೈತಿ?” ಎಂದರು. ಹುಡುಗನಿಗೆ ಅರ್ಥವಾಗಲಿಲ್ಲ. “ಏಣಿ ಇಲ್ಲಂದ್ರ ಪೈಲಟ್ ಇಳಿಯೂದ ಹ್ಯಾಂಗ? ಅವ್ರು ಹೋದ ಮ್ಯಾಲೆ ನಾವು ಏಣಿ ಹಿಡಕೊಂಡ ಕಾಯ್ತಿದ್ವಿ. ಹೋದಾವ ಎಷ್ಟು, ಬಂದಾವ ಎಷ್ಟು ಅಂತ ಎಣಸೂದು. ಒಂದ್ ಏಣಿ ಉಳಿದ್ರ ಯಾರೂ ಮಾತಾಡ್ತಿದ್ದಿಲ್ಲ” ಎಂದರು.

ಅವರು ಹೋದ ಮೇಲೆ ನಮ್ಮ ತಾಯಿಯವರು ಹಲಗೆಯ ಇನ್ನೊಂದು ತುದಿ ನೋಡುತ್ತ ಕೇಳಿದರು: “ಅಲ್ಲ ಮರಿ, ಈ ಟ್ಯಾಂಕಿನೊಳಗೆ ಯಾರೂ ಇರ್ಲಿಲ್ವೇನೋ?”

ಎರಡು ಪ್ರಶ್ನೆಯೂ ಒಂದೇ. ಹಲಗೆಯ ಮೇಲೆ ಮನುಷ್ಯನೇ ಇರಲಿಲ್ಲ. ವಿಮಾನದ ಬಾಲಕ್ಕೆ ಹೊಗೆಯ ಕರೆ ಬಳಿದಿದ್ದೆವು, ಗಾಲಿಗೆ ಧೂಳು ಹಿಡಿಸಿದ್ದೆವು, ರೆಕ್ಕೆಯ ಅಂಚಿನಲ್ಲಿ ಬಣ್ಣ ಎದ್ದ ಹಾಗೆ ಬೆಳ್ಳಿ ಚುಕ್ಕೆ ಇಟ್ಟಿದ್ದೆವು. ಯಂತ್ರದ ಮೇಲಿನ ಒಂದೊಂದು ಗೀರಿಗೂ ಲೆಕ್ಕ ಇತ್ತು. ಅಳತೆಗೆ ಮೂಲವಾದ ಒಂದು ಅಂಗುಲದ ಆಳು ಮಾತ್ರ ಎಲ್ಲಿಯೂ ಇಲ್ಲ. ಇದು ನೀತಿಯ ಮಾತಷ್ಟೇ ಅಲ್ಲ, ಕಸಬಿನ ಮಾತೂ ಹೌದು. ಪಕ್ಕದಲ್ಲಿ ಮನುಷ್ಯನಿಲ್ಲದ ವಿಮಾನ ಎಷ್ಟು ದೊಡ್ಡದೆಂದು ಕಣ್ಣಿಗೆ ತಿಳಿಯುವುದಿಲ್ಲ. ಒಬ್ಬನನ್ನು ನಿಲ್ಲಿಸಿದ ಕೂಡಲೇ ಅದಕ್ಕೆ ಎತ್ತರ ಬರುತ್ತದೆ, ಭಾರ ಬರುತ್ತದೆ.

ಟ್ಯಾಂಕಿನ ಬಗ್ಗೆ ಮನೆಯಲ್ಲಿ ಒಮ್ಮತ ಬರಲಿಲ್ಲ. ಹಬ್ಬದ ದಿನ ಅದು ಬೇಡವೇ ಬೇಡ ಎಂಬುದು ಒಂದು ವಾದ. ಅದನ್ನು ತೆಗೆದುಬಿಟ್ಟರೆ ಉಳಿಯುವುದೇನು? ಚೊಕ್ಕಟವಾದ ಓಡುದಾರಿ, ಮಿರುಗುವ ವಿಮಾನ, ನಗುವ ಸೈನಿಕರು. ಹಾಗೆ ತೋರಿಸಿದರೆ ವಿಮಾನ ಏತಕ್ಕೆ ಹಾರಿತೆಂಬ ಮಾತೇ ಮುಚ್ಚಿಹೋಗುತ್ತದೆ, ಯುದ್ಧ ವಾಯುಸಂಚಾರದ ಹಾಗೆ ಕಾಣುತ್ತದೆ. ಅದು ಸುಳ್ಳು. ಹತ್ತಿಯ ಹೊಗೆಯೊಡನೆ ಇಟ್ಟರೆ ಅದೂ ಬೇರೆ ಬಗೆಯ ಸುಳ್ಳು, ಏಕೆಂದರೆ ಅಲ್ಲಿ ಸಾವು ದೀಪಾವಳಿಯ ಪಟಾಕಿಯಂತೆ ತೋರುತ್ತದೆ. ಹೆಣಗಳನ್ನು ಮಾಡಿ ಮಲಗಿಸೋಣವೆ ಎಂದರೆ ಪರರ ನೋವು ನೋಟವಾಗುತ್ತದೆ. ಮಾಡಿದವನ ಕೈಚಳಕಕ್ಕೆ ಜನ ತಲೆದೂಗುತ್ತಾರೆ. ಕೊನೆಗೆ ಟ್ಯಾಂಕು ಉಳಿಯಿತು, ಹೊಗೆ ಹೋಯಿತು, ಟ್ಯಾಂಕಿನ ಮೇಲಿನ ಬಾಗಿಲು ತೆರೆಯಿತು. ಒಳಗಿದ್ದವನು ಹೊರಬಿದ್ದನೋ ಇಲ್ಲವೋ ಎಂಬುದನ್ನು ನೋಡುವವರೇ ಯೋಚಿಸಲಿ. ವಿಮಾನದ ಪಕ್ಕಕ್ಕೆ ಊದುಬತ್ತಿಯ ಕಡ್ಡಿಯ ಏಣಿ ಬಂತು, ಅದನ್ನು ಹಿಡಿದ ಒಬ್ಬ ಬಂದ. ನಮಗೆ ಇದು ಸರಿ ತೋರಿತು. ಹಬ್ಬಕ್ಕೆ ಟ್ಯಾಂಕು ಬೇಡವೆಂದ ನಮ್ಮ ತಾಯಿಯವರಿಗೆ ಇವತ್ತಿಗೂ ಪೂರ್ತಿ ಸರಿ ತೋರಿಲ್ಲ. ಅವರ ಅಸಮಾಧಾನವೂ ಇರಬೇಕಾದದ್ದೇ ಎಂದು ನಾವು ಭಾವಿಸುತ್ತೇವೆ.

ಎದುರಾಳಿಯನ್ನು ಮನುಷ್ಯನೆಂದು ಎಣಿಸಿದರೆ ನಮ್ಮ ವೀರರಿಗೆ ಕುಂದಾಗುತ್ತದೆ ಎಂದು ಕೆಲವರು ಹೇಳಬಹುದು. ಅವರು ಕೊಡಗಿನ ಅಜ್ಜಮಾಡ ದೇವಯ್ಯನವರ ಕಥೆಯನ್ನು ನೆನೆಯಬೇಕು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ನಡೆದ ದಾಳಿಯಲ್ಲಿ ಸ್ಕ್ವಾಡ್ರನ್ ಲೀಡರ್ ದೇವಯ್ಯ ತಮ್ಮ ಮಿಸ್ತೇರ್ ವಿಮಾನದೊಂದಿಗೆ ಹೋದವರು ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಆ ಯುದ್ಧದಲ್ಲಿ ಪಾಕಿಸ್ತಾನದ ವಾಯುಪಡೆಯ ಪಾತ್ರವನ್ನು ಕುರಿತು ಇಂಗ್ಲಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಸುಳಿವು ಸಿಕ್ಕಿತು. ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್ ವಿಮಾನವೊಂದು ತಮ್ಮ ಮೇಲೆರಗಿದಾಗ, ಎಷ್ಟೋ ನಿಧಾನದ ಮಿಸ್ತೇರ್‌ನಲ್ಲಿದ್ದ ದೇವಯ್ಯ ತಿರುಗಿ ಕಾದಿ ಅದನ್ನು ಉರುಳಿಸಿದ್ದರು. ಅದರ ಪೈಲಟ್ ಹೊರಜಿಗಿದು ಬದುಕಿಕೊಂಡಿದ್ದ. 1988ರಲ್ಲಿ, 23 ವರ್ಷಗಳ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ನಮ್ಮ ವೀರನ ಗುರುತು ನಮಗೆ ಹತ್ತಿದ್ದು ಎದುರು ಪಕ್ಷದ ಕಡೆಯಿಂದ. ಆ ಕಡೆಯ ಮನುಷ್ಯ ನಮ್ಮ ಲೆಕ್ಕದಲ್ಲೇ ಇಲ್ಲವೆಂದುಕೊಂಡರೆ ನಮ್ಮವನ ಕಥೆಯೂ ಅರ್ಧಕ್ಕೆ ನಿಲ್ಲುತ್ತದೆ.

ಯುದ್ಧವನ್ನು ಗೊಂಬೆಯ ಸಾಲಿನಲ್ಲಿ ಇಡಬಾರದೆಂದಿದ್ದರೆ ಮೊದಲು ಗೀತೋಪದೇಶದ ರಥವನ್ನೇ ತೆಗೆಯಬೇಕಾಗುತ್ತದೆ. ನಮ್ಮಲ್ಲಿ ಅದಿಲ್ಲದ ಮನೆ ಯಾವುದು? ಆ ರಥವನ್ನು ಕೆತ್ತಿದ ಕಸಬುದಾರರು ಹದಿನೆಂಟು ದಿನದ ಯುದ್ಧದಲ್ಲಿ ಯಾವ ಗಳಿಗೆಯನ್ನು ಆರಿಸಿದರೆಂದು ನೋಡಿ. ಭೀಷ್ಮ ಬಿದ್ದದ್ದಲ್ಲ, ಕರ್ಣನ ಗಾಲಿ ಹೂತದ್ದಲ್ಲ, ದುರ್ಯೋಧನನ ತೊಡೆ ಮುರಿದದ್ದಲ್ಲ. ಬಾಣ ಇನ್ನೂ ಬಿಟ್ಟಿಲ್ಲ. ಬಿಲ್ಲು ಕೆಳಗಿದೆ, ಗೆಲ್ಲಬಲ್ಲವನು ಕೈ ಮುಗಿದು ಕೂತು ಇದು ಸರಿಯೆ ಎಂದು ಕೇಳುತ್ತಿದ್ದಾನೆ. ಎದುರಿಗಿರುವವರು ತನ್ನವರೇ ಎಂದು ಅವನಿಗೆ ಗುರುತು ಸಿಕ್ಕ ಗಳಿಗೆ ಅದು. ಮುಂದೆ ಅವನು ಯುದ್ಧ ಮಾಡಿದ ನಿಜ, ಮಾಡಲೇಬೇಕಾಯಿತು. ಆದರೆ ಮನೆಯಲ್ಲಿಟ್ಟು ಮಕ್ಕಳಿಗೆ ತೋರಿಸಲು ನಮ್ಮ ಹಿರಿಯರು ಆರಿಸಿದ್ದು ಆ ಪ್ರಶ್ನೆಯ ಗಳಿಗೆಯನ್ನು.

ಆದ್ದರಿಂದ ಮರುತ್ತನ್ನು ಮಾಡಬಹುದೆ ಎಂದರೆ ಧಾರಾಳವಾಗಿ ಮಾಡಬಹುದು. ಕೈಗೆ ನಯ ಬರುತ್ತದೆ, ಬುದ್ಧಿಗೆ ತಾಳ್ಮೆ ಬರುತ್ತದೆ, ನಮ್ಮ ನಾಡಿನ ಒಂದು ಸಾಹಸದ ಪರಿಚಯವೂ ಆಗುತ್ತದೆ. ಮಕ್ಕಳಿಗೆ ಎರಡು ನಿಯಮ ಮಾತ್ರ ಹೇಳೋಣ. ವಿಮಾನದ ಬಣ್ಣ ಒಣಗುವ ಹೊತ್ತಿನಲ್ಲಿ ಅದರ ಜನರನ್ನು ಹುಡುಕಿ, ಹೆಸರು ಮತ್ತು ಇಸವಿಗಳನ್ನು ಚೀಟಿಯಲ್ಲಿ ಬರೆದು ಹಲಗೆಗೆ ಅಂಟಿಸಲಿ. ಹಲಗೆಯ ಎರಡು ತುದಿಯಲ್ಲೂ ಮನುಷ್ಯನಿಗೆ ಜಾಗ ಬಿಡಲಿ. ಈ ಕಂಟೋನ್ಮೆಂಟ್ ಊರಿನಲ್ಲಿ ಅರಿಸಿನ ಕುಂಕುಮಕ್ಕೆ ಬರುವ ಹೆಂಗಸರಲ್ಲಿ ಗಂಡನೋ ಮಗನೋ ಗಡಿಯಲ್ಲಿರುವವರು ಇದ್ದೇ ಇರುತ್ತಾರೆ. ಗೊಂಬೆಯ ಸಾಲಿನ ಮುಂದೆ ಅವರು ನಿಂತಾಗ ಅಲ್ಲಿ ಯಂತ್ರ ಮಾತ್ರ ಕಾಣಬಾರದು. ಅದನ್ನು ಕಾಯುತ್ತಿರುವ ಒಬ್ಬನಾದರೂ ಕಾಣಬೇಕು.